ಊಸರವಳ್ಳಿ ತರುವ ಮೊದಲು ಅದರ ಮರವನ್ನು ಕಟ್ಟಿ

ಊಸರವಳ್ಳಿ ಸಾಕುವ ಆಸೆ ಹೊತ್ತು ಬರುವವರಿಗೆ ನಾನು ಮೊದಲು ಹೇಳುವ ಮಾತು ಯಾರಿಗೂ ರುಚಿಸುವುದಿಲ್ಲ: ಇದು ಮುದ್ದು ಮಾಡುವ ಪ್ರಾಣಿಯಲ್ಲ. ಕರೆದರೆ ಬರುವುದಿಲ್ಲ. ಹೆಗಲೇರಿ ಕೂತರೂ ಅದು ಪ್ರೀತಿಯಿಂದಲ್ಲ, ಎತ್ತರದ ಜಾಗ ಸಿಕ್ಕಿತಲ್ಲ ಎಂದು. ಎತ್ತಿ ಆಡಿಸಿದಷ್ಟೂ ಒಳಗೊಳಗೇ ಸೊರಗುತ್ತದೆ. ಸ್ವಲ್ಪ ದೂರದಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ನೋಡುವ ತಾಳ್ಮೆ ಇದ್ದವರಿಗೆ ಮಾತ್ರ ಇದರ ಸುಖ. ಒಂದು ಕಣ್ಣು ಹುಳುವಿನ ಮೇಲೆ, ಇನ್ನೊಂದು ನಿಮ್ಮ ಮೇಲೆ. ಗಾಳಿಗೆ ತೂಗುವ ಎಲೆಯ ಹಾಗೆ ಓಲಾಡುತ್ತ ಒಂದು ಹೆಜ್ಜೆ. ಆಮೇಲೆ ಇದ್ದಕ್ಕಿದ್ದಂತೆ, ಮೈಯುದ್ದಕ್ಕಿಂತಲೂ ಉದ್ದವಾದ ನಾಲಿಗೆ ಚಿಮ್ಮಿ ವಾಪಸ್ಸು ಬಾಯಿ ಸೇರಿರುತ್ತದೆ.

ಮಾತು ಬದಲಿಸುವವರನ್ನು ನಾವು ಗೋಸುಂಬೆ, ಊಸರವಳ್ಳಿ ಎಂದು ಬೈಯುತ್ತೇವೆ. ಸಾಕಿ ನೋಡಿದವರಿಗೆ ಈ ಬೈಗುಳ ತಲೆಕೆಳಗು ಅನಿಸುತ್ತದೆ. ಇಷ್ಟು ಪ್ರಾಮಾಣಿಕ ಪ್ರಾಣಿ ಇನ್ನೊಂದಿಲ್ಲ. ಮನಸ್ಸಿನಲ್ಲಿರುವುದೆಲ್ಲ ಚರ್ಮದ ಮೇಲೆ. ಹಿನ್ನೆಲೆಯ ಬಣ್ಣಕ್ಕೆ ತಕ್ಕಂತೆ ಮೈಬಣ್ಣ ಹೊಂದಿಸಿಕೊಳ್ಳುತ್ತದೆ ಎಂಬುದು ಬಹುಮಟ್ಟಿಗೆ ಕಟ್ಟುಕಥೆ. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು ಪ್ಯಾಂಥರ್ ಊಸರವಳ್ಳಿಯ ಚರ್ಮದ ಗುಟ್ಟನ್ನು ಬಿಡಿಸಿದರು. ಅದರ ಚರ್ಮಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿ ಸೂಕ್ಷ್ಮ ಹರಳುಗಳು ಸಾಲುಗಟ್ಟಿ ಕೂತಿವೆ. ಪ್ರಾಣಿ ನಿರಾಳವಾಗಿದ್ದಾಗ ಅವು ಒತ್ತೊತ್ತಾಗಿದ್ದು ನೀಲಿಯನ್ನು ಹಿಂತಿರುಗಿಸುತ್ತವೆ. ಚರ್ಮದಲ್ಲಿರುವ ಹಳದಿಯೊಂದಿಗೆ ಸೇರಿ ನಮಗೆ ಹಸಿರು ಕಾಣುತ್ತದೆ. ಉದ್ರೇಕಗೊಂಡರೆ ಹರಳುಗಳ ನಡುವಿನ ಅಂತರ ಹಿಗ್ಗಿ, ಬಣ್ಣ ಹಳದಿ, ಕಿತ್ತಳೆಯತ್ತ ಜಾರುತ್ತದೆ. ಸಾಕುವವರಿಗೆ ಇದರಿಂದ ದಿನಾ ಉಪಯೋಗವಿದೆ. ಬೆಳಿಗ್ಗೆ ದೀಪ ಹತ್ತಿದ ಕೂಡಲೇ ಮೈ ಕಪ್ಪಾಗಿದ್ದರೆ ಬಿಸಿ ಹೀರಿಕೊಳ್ಳುತ್ತಿದೆ ಎಂದರ್ಥ, ಗಾಬರಿ ಬೇಡ. ಮಧ್ಯಾಹ್ನವೂ ಹಾಗೇ ಇದ್ದರೆ ಹೆದರಿದೆ, ಇಲ್ಲವೇ ಚಳಿಯಾಗಿದೆ, ಇಲ್ಲವೇ ಮೈ ಸರಿಯಿಲ್ಲ.

ಹಂತ 1: ಯಾವ ಜಾತಿ, ಎಲ್ಲಿಯದು

ಜಗತ್ತಿನಲ್ಲಿ 200ಕ್ಕೂ ಹೆಚ್ಚು ಬಗೆಯ ಊಸರವಳ್ಳಿಗಳಿವೆ. ಮನೆಯಲ್ಲಿ ಸಾಕಲು ಒಗ್ಗುವುದು ಬೆರಳೆಣಿಕೆಯಷ್ಟು. ಹೊಸಬರು ನೋಡಬೇಕಾದ್ದು ಮೂರನ್ನು.

ವೇಲ್ಡ್ ಊಸರವಳ್ಳಿಯ ತವರು ಯೆಮೆನ್ ಮತ್ತು ಸೌದಿ ಅರೇಬಿಯಾದ ನೈರುತ್ಯ ಭಾಗ. ತಲೆಯ ಮೇಲೆ ಎತ್ತರದ ಕಿರೀಟವಿರುತ್ತದೆ. ಗಂಡು ಬಾಲವೂ ಸೇರಿ 45ರಿಂದ 60 ಸೆಂ.ಮೀ. ಬೆಳೆಯುತ್ತದೆ. ಮೂರರಲ್ಲಿ ಗಟ್ಟಿಮುಟ್ಟಾದದ್ದು ಇದೇ, ಸಿಡುಕು ಸ್ವಭಾವದ್ದೂ ಇದೇ. ಪ್ಯಾಂಥರ್ ಊಸರವಳ್ಳಿ ಮಡಗಾಸ್ಕರ್‌ನದು. ಯಾವ ಊರಿನ ಕಡೆಯದು ಎಂಬುದರ ಮೇಲೆ ಗಂಡಿನ ಬಣ್ಣ ನೀಲಿ, ಕೆಂಪು, ಹಸಿರು ಎಂದು ಬದಲಾಗುತ್ತದೆ. ಗಂಡಿನ ಮುಖದ ಮೇಲೆ ಮೂರು ಕೊಂಬಿರುವ ಜಾಕ್ಸನ್ ಊಸರವಳ್ಳಿ ಪೂರ್ವ ಆಫ್ರಿಕಾದ ತಂಪು ಬೆಟ್ಟಗಳಿಂದ ಬಂದದ್ದು. ಅದು ಮೊಟ್ಟೆಯಿಡದೆ ಮರಿ ಹಾಕುತ್ತದೆ. ರಾತ್ರಿ ಚೆನ್ನಾಗಿ ತಣ್ಣಗಾಗದ ಮನೆಗೆ ಜಾಕ್ಸನ್ ತರಬೇಡಿ. ಸೆಕೆ ಅದನ್ನು ನಿಧಾನವಾಗಿ ಕೊಲ್ಲುತ್ತದೆ.

ಆಯುಸ್ಸಿನ ಲೆಕ್ಕವನ್ನೂ ಮೊದಲೇ ತಿಳಿದಿರಿ. ಒಳ್ಳೆಯ ಆರೈಕೆಯಲ್ಲಿ ವೇಲ್ಡ್ ಮತ್ತು ಪ್ಯಾಂಥರ್ ಗಂಡುಗಳು 5ರಿಂದ 7 ವರ್ಷ ಬದುಕುತ್ತವೆ. ಮೊಟ್ಟೆಯ ಭಾರದಿಂದಾಗಿ ಹೆಣ್ಣುಗಳ ಆಯುಸ್ಸು ಅದಕ್ಕಿಂತ ಕಡಿಮೆ. ಮೊದಲ ಸಲ ಸಾಕುವವರು ಗಂಡನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ವೇಲ್ಡ್‌ನಲ್ಲಿ ಗುರುತು ಸುಲಭ: ಗಂಡುಮರಿಗೆ ಮೊಟ್ಟೆಯೊಡೆದ ದಿನದಿಂದಲೇ ಹಿಂಗಾಲಿನ ಹಿಮ್ಮಡಿಯಲ್ಲಿ ಒಂದು ಸಣ್ಣ ಮುಳ್ಳಿನಂಥ ಉಬ್ಬು ಇರುತ್ತದೆ.

ಸಾಕಣೆಯಲ್ಲೇ ಹುಟ್ಟಿದ, ಕನಿಷ್ಠ ಮೂರು ತಿಂಗಳು ತುಂಬಿದ ಮರಿಯನ್ನು ಮಾತ್ರ ಕೊಳ್ಳಿ. ಕಾಡಿನಿಂದ ಹಿಡಿದು ತಂದದ್ದು ನೀರಿಲ್ಲದೆ ಬಳಲಿ, ಹೊಟ್ಟೆತುಂಬ ಪರೋಪಜೀವಿ ಹೊತ್ತು ಬಂದಿರುತ್ತದೆ; ಎಷ್ಟೋ ಸಲ ತಿಂಗಳೂ ಬದುಕುವುದಿಲ್ಲ. ಕಾನೂನೂ ಇದೆ. ಊಸರವಳ್ಳಿಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಎಂಬ ವನ್ಯಜೀವಿ ವ್ಯಾಪಾರದ ಒಪ್ಪಂದದ ನಿಯಂತ್ರಣದಲ್ಲಿದೆ, ಸ್ಥಳೀಯ ಜಾತಿಗಳನ್ನು ಮನೆಯಲ್ಲಿಟ್ಟುಕೊಳ್ಳುವುದು ಹಲವು ದೇಶಗಳಲ್ಲಿ ಅಪರಾಧ. ಮಾರುವವರ ಬಳಿ ಕಾಗದಪತ್ರ ಇಲ್ಲವೆಂದರೆ ಅಲ್ಲಿಂದಲೇ ಹಿಂತಿರುಗಿ. ತೋಟದಲ್ಲಿ ಸಿಕ್ಕ ಊಸರವಳ್ಳಿಯನ್ನು ತೋಟದಲ್ಲೇ ಬಿಡಿ.

ಇನ್ನೊಂದು ಕೆಲಸ ಎಲ್ಲರೂ ಮರೆಯುವಂಥದ್ದು: ಸರೀಸೃಪಗಳನ್ನು ನೋಡಿ ಅನುಭವವಿರುವ ಪಶುವೈದ್ಯರು ನಿಮಗೆ ಎಟುಕುವಷ್ಟು ದೂರದಲ್ಲಿ ಇದ್ದಾರೆಯೇ? ಪ್ರಾಣಿ ತರುವ ಮೊದಲೇ ವಿಚಾರಿಸಿ. ಇಲ್ಲವಾದರೆ ಈ ಲೇಖನವನ್ನು ಓದಿ ಖುಷಿಪಟ್ಟು ಬಿಟ್ಟುಬಿಡುವುದೇ ಜಾಣತನ.

ಹಂತ 2: ಗೂಡು

ಗೂಡನ್ನು ಪ್ರಾಣಿಗಿಂತ ಎರಡು ವಾರ ಮೊದಲೇ ಕಟ್ಟಿ ನಿಲ್ಲಿಸಿ. ಬೆಳೆದ ಒಂದು ಊಸರವಳ್ಳಿಗೆ 60 ಸೆಂ.ಮೀ. ಅಗಲ, 60 ಸೆಂ.ಮೀ. ಆಳ, 120 ಸೆಂ.ಮೀ. ಎತ್ತರ ಬೇಕು. ಒಂದೇ ಊಸರವಳ್ಳಿಗೆ ಎಂದೆ, ಗಮನಿಸಿ. ಜೋಡಿ ಇಟ್ಟರೆ ಒಂಟಿತನ ಹೋಗುತ್ತದೆ ಎಂಬುದು ನಮ್ಮ ಲೆಕ್ಕ. ಇನ್ನೊಂದು ಊಸರವಳ್ಳಿ ಕಣ್ಣಿಗೆ ಬಿದ್ದರೂ ಸಾಕು, ಅದಕ್ಕೆ ದಿನವಿಡೀ ಜಗಳ. ಎರಡು ಸಾಕುವವರು ಎರಡು ಗೂಡು ಇಟ್ಟು ನಡುವೆ ಮರೆ ಕಟ್ಟಲೇಬೇಕು. ಕನ್ನಡಿಯೂ ಎದುರಿಗಿರಬಾರದು.

ನಾಲ್ಕೂ ಕಡೆ ಜಾಲರಿ ಇರುವ ಗೂಡಿನಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ. ಒಣಹವೆಯ ಅಥವಾ ಚಳಿಯ ಮನೆಯಲ್ಲಿ ಮೂರು ಬದಿ ಗಟ್ಟಿ ಹಲಗೆ, ಮೇಲೆ ಮತ್ತು ಮುಂಭಾಗದ ಕೆಳಗೆ ಜಾಲರಿ ಇರುವಂಥದ್ದು ಮೇಲು. ತೇವ ನಿಲ್ಲುತ್ತದೆ, ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ. ಎಲ್ಲ ಬದಿಯೂ ಮುಚ್ಚಿದ ಮೀನಿನ ತೊಟ್ಟಿ ಮಾತ್ರ ಬೇಡವೇ ಬೇಡ.

ಗೂಡನ್ನು ನೆಲದ ಮೇಲಿಡಬೇಡಿ. ಎತ್ತರದ ಮೇಜಿನ ಮೇಲಿಟ್ಟು, ಅದು ಕೂರುವ ಮೇಲಿನ ಕೊಂಬೆ ನಿಮ್ಮ ಕಣ್ಣಿಗಿಂತ ಮೇಲೆ ಬರುವಂತೆ ಮಾಡಿ. ಮರದ ಪ್ರಾಣಿಗೆ ಮೇಲಿನಿಂದ ಬರುವುದೆಲ್ಲ ಹದ್ದು. ನಾನು ಮೊದಲ ಗೂಡನ್ನು ಮೊಣಕಾಲೆತ್ತರದಲ್ಲಿ ಇಟ್ಟಿದ್ದೆ. ನಾನು ಕೋಣೆಗೆ ಕಾಲಿಟ್ಟಾಗಲೆಲ್ಲ ಅದು ಕೊಂಬೆಯ ಹಿಂದಕ್ಕೆ ಸರಿದು ಮೈಯನ್ನು ಕಾಗದದಂತೆ ತೆಳ್ಳಗೆ ಮಾಡಿಕೊಳ್ಳುತ್ತಿತ್ತು. ಎಷ್ಟು ನಾಚಿಕೆಯ ಪ್ರಾಣಿ ಅಂದುಕೊಂಡೆ! ಗೂಡನ್ನು ಮೇಲಕ್ಕೇರಿಸಿದ ವಾರದೊಳಗೆ ಅದರ ನಾಚಿಕೆಯೆಲ್ಲ ಹೋಯಿತು.

ಒಳಗೆ ಬೇಕಾದ್ದು ಮರ. ಅಂದರೆ ಅದರ ಪಾದ ಸುತ್ತಿ ಹಿಡಿಯುವಷ್ಟು ದಪ್ಪದಿಂದ ಹಿಡಿದು ಬೆರಳುಗಾತ್ರದವರೆಗಿನ ಬೇರೆಬೇರೆ ಕೊಂಬೆಗಳು, ಅಡ್ಡಡ್ಡ, ಓರೆ, ಒಂದರಿಂದ ಇನ್ನೊಂದಕ್ಕೆ ದಾಟಿ ಹೋಗುವಂತೆ. ಅದರ ಪಾದ ಇಕ್ಕಳದ ಹಾಗಿದೆ: ಒಂದು ಕಡೆ ಎರಡು ಬೆರಳು, ಇನ್ನೊಂದು ಕಡೆ ಮೂರು. ಸಮತಟ್ಟಾದ ಹಲಗೆಯ ಮೇಲೆ ಆ ಪಾದಕ್ಕೆ ಕೆಲಸವೇ ಇಲ್ಲ. ಜಾಲರಿ ಹಿಡಿದು ಹತ್ತುತ್ತಿದ್ದರೆ ಕೊಂಬೆಗಳು ಸಾಲುತ್ತಿಲ್ಲ ಎಂದು ತಿಳಿಯಿರಿ. ಹಾಗೇ ಬಿಟ್ಟರೆ ಉಗುರು ಕಿತ್ತುಬರುತ್ತದೆ.

ಗಿಡಗಳು ನಿಜವಾದವೇ ಇರಲಿ. ದಾಸವಾಳ, ಶೆಫ್ಲೆರಾ, ಮನಿಪ್ಲಾಂಟ್, ವೀಪಿಂಗ್ ಫಿಗ್ ಇವೆಲ್ಲ ಸಾಕುವವರು ಬಹುಕಾಲದಿಂದ ಬಳಸಿ ನೋಡಿದವು. ವೇಲ್ಡ್ ಊಸರವಳ್ಳಿ ಎಲೆ ಕಚ್ಚಿ ತಿನ್ನುತ್ತದೆ, ಹಾಗಾಗಿ ಕಣಗಿಲೆಯಂಥ ವಿಷದ ಗಿಡ ಹತ್ತಿರವೂ ಸುಳಿಯಬಾರದು. ಪ್ಲಾಸ್ಟಿಕ್ ಎಲೆಯೂ ಬೇಡ, ನುಂಗಿದರೆ ಕರುಳು ಕಟ್ಟುತ್ತದೆ. ನರ್ಸರಿಯಿಂದ ತಂದ ಗಿಡದ ಎಲೆಗಳನ್ನು ಚೆನ್ನಾಗಿ ತೊಳೆದು, ಗೊಬ್ಬರದ ಗುಳಿಗೆಯಿಲ್ಲದ ಹೊಸ ಮಣ್ಣಿಗೆ ಬದಲಿಸಿ, ಕುಂಡದ ಮಣ್ಣಿನ ಮೇಲೆ ಬಾಯಿಗೆ ಹಿಡಿಸದಷ್ಟು ದೊಡ್ಡ ಕಲ್ಲುಗಳನ್ನು ಹರಡಿ. ಗೂಡಿನ ಒಂದು ಭಾಗ ಎಲೆಯಿಂದ ಎಷ್ಟು ದಟ್ಟವಾಗಿರಬೇಕೆಂದರೆ, ಹುಡುಕಿದರೂ ಪ್ರಾಣಿ ನಿಮಗೆ ಕಾಣಬಾರದು. ಅವಿತುಕೊಳ್ಳಲು ಜಾಗವಿದೆ ಎಂಬ ಧೈರ್ಯವಿದ್ದರೆ ಅದು ತಾನಾಗಿ ಹೊರಗೆ ಬಂದು ಕೂರುತ್ತದೆ. ನೆಲಕ್ಕೆ ಏನೂ ಹಾಸದಿದ್ದರೆ ಸ್ವಚ್ಛ ಮಾಡುವುದು ಸುಲಭ.

ಹಂತ 3: ಬಿಸಿಲು ಎರಡು ಬಗೆ

ಒಂದೇ ಬಲ್ಬು ಹಾಕಿ ಆಯಿತು ಅಂದುಕೊಳ್ಳುವುದು ಹೊಸಬರ ದೊಡ್ಡ ತಪ್ಪು. ಸೂರ್ಯ ಕೊಡುವುದರಲ್ಲಿ ಎರಡನ್ನು ನಾವು ಬೇರೆಬೇರೆಯಾಗಿ ಒದಗಿಸಬೇಕು: ಮೈ ಕಾಯಿಸುವ ಶಾಖ, ಮತ್ತು ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗಲು ಬೇಕಾದ ಯುವಿಬಿ ಎಂಬ ನೇರಳಾತೀತ ಕಿರಣ.

ಶಾಖಕ್ಕೆ ಮಾಮೂಲಿ ಬಿಳಿ ಬೆಳಕಿನ ಶಾಖದ ಬಲ್ಬು ಸಾಕು. ಗೂಡಿನ ಹೊರಗೆ, ಮೇಲ್ಭಾಗದ ಜಾಲರಿಯಿಂದ ಸ್ವಲ್ಪ ಮೇಲೆ ತೂಗುಹಾಕಿ. ಅದರ ಕೆಳಗೆ ಬಿಸಿಲು ಕಾಯುವ ಕೊಂಬೆ. ಆ ಕೊಂಬೆಯಲ್ಲಿ ಪ್ರಾಣಿಯ ಬೆನ್ನು ಬರುವ ಎತ್ತರದಲ್ಲಿ ಅಳೆದಾಗ ಬೆಳೆದ ವೇಲ್ಡ್ ಮತ್ತು ಪ್ಯಾಂಥರ್‌ಗೆ 29ರಿಂದ 31 ಡಿಗ್ರಿ ಸೆಲ್ಸಿಯಸ್, ಜಾಕ್ಸನ್‌ಗೆ ಮತ್ತು ಎಲ್ಲ ಮರಿಗಳಿಗೆ 27ರ ಆಸುಪಾಸು ಇರಲಿ. ಗೂಡಿನ ಉಳಿದ ಭಾಗ 22ರಿಂದ 25. ಅಳತೆಯನ್ನು ಕೊಂಬೆಯ ಮೇಲೆ ಮಾಡಿ ಸುಮ್ಮನಾಗಬೇಡಿ; ಕೂತಾಗ ಬೆನ್ನು ಕೊಂಬೆಗಿಂತ ಎಷ್ಟೋ ಮೇಲಿರುತ್ತದೆ, ವೇಲ್ಡ್‌ನ ಕಿರೀಟ ಇನ್ನೂ ಮೇಲೆ. ಬೆನ್ನು ಸುಡುತ್ತಿದ್ದರೂ ಅದು ಸರಿಯದೆ ಕೂತಿರುವುದುಂಟು. ಬೆನ್ನೇಣಿನ ಮೇಲೆ ಮೊದಲು ಮಸುಕಾದ, ಆಮೇಲೆ ಕಪ್ಪಾಗುವ ಕಲೆ ಕಂಡರೆ ಅದು ಸುಟ್ಟಗಾಯ.

ಯುವಿಬಿಗೆ ಗೂಡಿನ ಅಗಲಕ್ಕೂ ಬರುವ ಟಿ5 ಕೊಳವೆ ದೀಪ ಬೇಕು. ಪೆಟ್ಟಿಗೆಯ ಮೇಲೆ 5.0 ಅಥವಾ 6 ಪರ್ಸೆಂಟ್ ಎಂದು ಬರೆದಿರುತ್ತದೆ. ಸುರುಳಿ ಬಲ್ಬುಗಳು ಅಗ್ಗ, ಆದರೆ ಅವುಗಳ ಕಿರಣ ಒಂದೇ ಕಡೆ ಬಿದ್ದು ಬೇಗ ಕ್ಷೀಣಿಸುತ್ತದೆ. ಕೊಳವೆ ದೀಪದಿಂದ ಬೆನ್ನಿಗೆ 20ರಿಂದ 25 ಸೆಂ.ಮೀ. ಅಂತರವಿದ್ದರೆ ಯುವಿ ಇಂಡೆಕ್ಸ್ (ನೇರಳಾತೀತ ಕಿರಣದ ಬಲದ ಅಳತೆ) ಸುಮಾರು 3 ಸಿಗುತ್ತದೆ, ಅಷ್ಟೇ ಗುರಿ. ಜಾಲರಿ ಯುವಿಬಿಯ ಒಂದು ಪಾಲನ್ನು ತಡೆಯುತ್ತದೆ, ಗಾಜು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. "ಕಿಟಕಿ ಪಕ್ಕದಲ್ಲೇ ಇಟ್ಟಿದ್ದೇನಲ್ಲ, ಬಿಸಿಲು ಬೀಳುತ್ತದೆ" ಎನ್ನುವವರ ಊಸರವಳ್ಳಿಗೇ ಮೂಳೆ ಬಾಗುವುದು. ದೀಪ ಕಣ್ಣಿಗೆ ಬೆಳಗುತ್ತಿದ್ದರೂ ಒಳಗಿನ ಯುವಿಬಿ ಕುಗ್ಗಿರುತ್ತದೆ. ಅಳೆಯುವ ಮೀಟರ್ ಇಲ್ಲದಿದ್ದರೆ ವರ್ಷಕ್ಕೊಮ್ಮೆ ಬದಲಿಸಿ.

ಬಿಸಿಲಿನಿಂದ ಸರಿದು ನೆರಳಿಗೆ ಹೋಗುವ ದಾರಿ ಯಾವಾಗಲೂ ಇರಬೇಕು. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ವಾರಸ್ಯವಾದ ಸಂಗತಿ ತೋರಿಸಿತು: ಆಹಾರದಲ್ಲಿ ಡಿ3 ಕಡಿಮೆಯಿದ್ದ ಪ್ಯಾಂಥರ್ ಊಸರವಳ್ಳಿಗಳು ಹೆಚ್ಚು ಹೊತ್ತು ಯುವಿ ಬೆಳಕಿಗೆ ಮೈಯೊಡ್ಡಿದವು, ಸಾಕಷ್ಟಿದ್ದವು ಕಡಿಮೆ ಮಾಡಿದವು. ಲೆಕ್ಕ ಅದಕ್ಕೆ ಗೊತ್ತು, ಆಯ್ಕೆ ಕೊಡುವುದಷ್ಟೇ ನಮ್ಮ ಪಾಲಿನದು.

ಹಗಲು 12 ಗಂಟೆ, ರಾತ್ರಿ 12 ಗಂಟೆ, ಟೈಮರ್ ಹಾಕಿಬಿಡಿ. ರಾತ್ರಿ ಸಂಪೂರ್ಣ ಕತ್ತಲೆ. ಕೆಂಪು ಬಲ್ಬು, ನೀಲಿ ಬಲ್ಬು ಎಂದು ಮಾರುವುದೆಲ್ಲ ಅದರ ನಿದ್ದೆ ಕೆಡಿಸಲು. ತಾಪಮಾನ ರಾತ್ರಿ ಇಳಿಯಲೇಬೇಕು: ವೇಲ್ಡ್ ಮತ್ತು ಪ್ಯಾಂಥರ್‌ಗೆ 18ರಿಂದ 20 ಡಿಗ್ರಿ, ಜಾಕ್ಸನ್‌ಗೆ 10ರಿಂದ 15.

ಹಂತ 4: ನೀರು

ಸಾಕಿದ ಊಸರವಳ್ಳಿಗಳನ್ನು ಕೊಲ್ಲುವುದರಲ್ಲಿ ಹಸಿವಿಗಿಂತ ಬಾಯಾರಿಕೆಯದೇ ದೊಡ್ಡ ಕೈ. ಬಟ್ಟಲಲ್ಲಿ ನಿಂತ ನೀರನ್ನು ಇದು ನೀರೆಂದೇ ಗುರುತಿಸುವುದಿಲ್ಲ. ತುಂಬಿದ ಬಟ್ಟಲಿನ ಪಕ್ಕದಲ್ಲೇ ಒಣಗಿ ಸಾಯುತ್ತದೆ. ಕಾಡಿನಲ್ಲಿ ಅದು ಕುಡಿಯುವುದು ಎಲೆಯ ಮೇಲಿನ ಇಬ್ಬನಿಯನ್ನು, ಮಳೆಹನಿಯನ್ನು. ಮಿನುಗಿ ಜಾರುವ ಹನಿ ಕಂಡರೆ ಮಾತ್ರ ಬಾಯಿ ತೆರೆಯುತ್ತದೆ.

ಹಾಗಾಗಿ ನಾವು ಇಬ್ಬನಿ ಬೀಳಿಸಬೇಕು. ಬೆಳಿಗ್ಗೆ ದೀಪ ಹತ್ತುವ ಮೊದಲು ಎರಡು ಮೂರು ನಿಮಿಷ, ಎಲೆಗಳೆಲ್ಲ ತೊಯ್ಯುವಂತೆ ಸಣ್ಣ ತುಂತುರು. ರಾತ್ರಿ ದೀಪ ಆರಿದ ಮೇಲೆ ಇನ್ನೊಮ್ಮೆ. ಕೈಯಲ್ಲಿ ಒತ್ತುವ ಸ್ಪ್ರೇ ಬಾಟಲಿ ಸಾಕು, ಆದರೆ ಹೆಬ್ಬೆರಳು ನೋಯುತ್ತದೆ. ಟೈಮರ್‌ಗೆ ಜೋಡಿಸಿದ ಮಿಸ್ಟಿಂಗ್ ಪಂಪ್ ಸಿಕ್ಕರೆ ನಿಮಗೂ ಅದಕ್ಕೂ ನೆಮ್ಮದಿ. ನೀರನ್ನು ನೇರ ಮುಖಕ್ಕೆ ಹೊಡೆಯಬೇಡಿ. ಮಧ್ಯಾಹ್ನಕ್ಕೆ ಹನಿ ನೀರಿನ ಏರ್ಪಾಟು ಇರಲಿ: ಪ್ಲಾಸ್ಟಿಕ್ ಲೋಟದ ತಳಕ್ಕೆ ಸೂಜಿಯಿಂದ ತೂತು ಮಾಡಿ, ಗೂಡಿನ ಮೇಲಿಟ್ಟು, ಎಲೆಯ ಮೇಲೆ ತೊಟ್ಟು ತೊಟ್ಟಾಗಿ 15–20 ನಿಮಿಷ ಬೀಳುವಂತೆ ಮಾಡಿದರೆ ಆಯಿತು. ಬಿದ್ದ ನೀರು ಕೆಳಗಿನ ತಟ್ಟೆಗೆ ಇಳಿದು ಹೋಗಬೇಕು. ಗೂಡಿನ ತಳದಲ್ಲಿ ನಿಂತರೆ ಕೊಳೆಯುತ್ತದೆ.

ನಾನು ಕಷ್ಟಪಟ್ಟು ಕಲಿತದ್ದು ಇಲ್ಲೇ. ತೇವ ಒಳ್ಳೆಯದೆಂದು ಕೇಳಿದ್ದೆ, ಸರಿ, ಹಗಲಿಡೀ ಗಂಟೆಗೊಮ್ಮೆ ನೀರು ಚಿಮುಕಿಸಿದೆ. ಎಲೆ ಒಣಗಲು ಬಿಡಲೇ ಇಲ್ಲ. ಎರಡು ತಿಂಗಳಲ್ಲಿ ಉಸಿರಾಟದ ಸೋಂಕು, ಮೂಗಿನ ಬಳಿ ಗುಳ್ಳೆ, ಬಾಯಿ ತೆರೆದು ಆಕಾಶ ನೋಡಿಕೊಂಡು ಕೂರುವುದು. ಬಿಸಿ ಮತ್ತು ತೇವ ಒಟ್ಟಿಗೆ ಇದ್ದ ಕಡೆ ಬ್ಯಾಕ್ಟೀರಿಯಾಕ್ಕೆ ಹಬ್ಬ. ಕಾಡಿನಲ್ಲಿ ರಾತ್ರಿ ತಂಪು ಮತ್ತು ತೇವ, ಹಗಲು ಬೆಚ್ಚಗೆ ಮತ್ತು ಒಣ. ಗೂಡಿನಲ್ಲೂ ಹಗಲು ಗಾಳಿಯ ತೇವಾಂಶ 40ರಿಂದ 50 ಪರ್ಸೆಂಟಿಗೆ ಇಳಿಯಲಿ, ರಾತ್ರಿ 80 ದಾಟಲಿ. ತಂಪಾದ ರಾತ್ರಿಗಳಲ್ಲಿ ಮಂಜು ಹೊರಡಿಸುವ ಫಾಗರ್ ಇಟ್ಟರೆ ಪ್ರಾಣಿ ಉಸಿರಿನಲ್ಲೇ ತೇವ ಪಡೆಯುತ್ತದೆ. ರಾತ್ರಿಯೂ ಸೆಕೆಯಿರುವ ಕೋಣೆಯಲ್ಲಿ ಮಾತ್ರ ಫಾಗರ್ ಬೇಡ ಎಂಬುದು ನನ್ನ ಅಭಿಪ್ರಾಯ. ಅದರ ಟ್ಯಾಂಕನ್ನು ವಾರವಾರ ತೊಳೆಯಬೇಕು.

ನೀರು ಸಾಕಾಗಿದೆಯೇ ಎಂದು ಹಿಕ್ಕೆಯೇ ಹೇಳುತ್ತದೆ. ಕಂದು ಭಾಗದ ಜೊತೆ ಒಂದು ಗಟ್ಟಿ ಭಾಗ ಬರುತ್ತದಲ್ಲ, ಅದು ಹಾಲುಬಿಳಿ ಇದ್ದರೆ ಒಳ್ಳೆಯದು. ತುದಿ ಸ್ವಲ್ಪ ಹಳದಿಯಾದರೂ ಪರವಾಗಿಲ್ಲ. ಪೂರ್ತಿ ಕಿತ್ತಳೆಯಾದರೆ ನೀರು ಸಾಲುತ್ತಿಲ್ಲ. ಕಣ್ಣುಗುಡ್ಡೆ ಒಳಕ್ಕೆ ಸರಿದಿದ್ದರೆ ಪರಿಸ್ಥಿತಿ ಇನ್ನೂ ಕೆಟ್ಟಿದೆ.

ಹಂತ 5: ಹುಳು, ಮತ್ತು ಹುಳುವಿನ ಊಟ

ನಿಮ್ಮ ಮನೆಯಲ್ಲಿ ಎರಡು ಸಾಕಣೆ ನಡೆಯಬೇಕು, ಒಂದು ಊಸರವಳ್ಳಿಯದು, ಇನ್ನೊಂದು ಹುಳುಗಳದು. ಮನೆಯವರು ಒಪ್ಪುತ್ತಾರೋ ಕೇಳಿಕೊಳ್ಳಿ. ರಾತ್ರಿ ಕಿರ್ರೆನ್ನುವ ಡಬ್ಬಿಯ ಬಗ್ಗೆ ಎಲ್ಲರಿಗೂ ನನ್ನಷ್ಟು ಪ್ರೀತಿ ಇರುವುದಿಲ್ಲ.

ಮುಖ್ಯ ಆಹಾರ ಚಿಮ್ಮಂಡೆ (ಕ್ರಿಕೆಟ್ ಹುಳು), ಸಾಕಿದ ಮಿಡತೆ, ಡುಬಿಯಾ ಜಿರಳೆ. ನಡುನಡುವೆ ರೇಷ್ಮೆಹುಳು, ಕಪ್ಪು ಸೈನಿಕ ನೊಣದ ಮರಿಹುಳು. ಕೊಬ್ಬು ತುಂಬಿದ ಮೇಣದ ಹುಳು, ಸೂಪರ್‌ವರ್ಮ್ ಅಪರೂಪಕ್ಕೆ, ಹಬ್ಬದೂಟದ ಹಾಗೆ. ಹುಳುವಿನ ಉದ್ದ ಊಸರವಳ್ಳಿಯ ತಲೆಯ ಅಗಲಕ್ಕಿಂತ ಹೆಚ್ಚಿರಬಾರದು. ಹೊರಗೆ ಹಿಡಿದ ಹುಳು ಬೇಡ, ಕೀಟನಾಶಕ ಯಾವ ತೋಟದಿಂದ ಬಂದಿರುತ್ತದೋ ಹೇಳಲಾಗದು. ಮಿಂಚುಹುಳು ಒಂದೇ ಒಂದನ್ನೂ ಕೊಡಬೇಡಿ. ಕೆಲವು ಜಾತಿಯ ಮಿಂಚುಹುಳುಗಳ ವಿಷಕ್ಕೆ ಸಾಕಿದ ಹಲ್ಲಿಗಳು ಸತ್ತದ್ದು ದಾಖಲಾಗಿದೆ.

ಹುಳುವಿನ ಹೊಟ್ಟೆಯಲ್ಲಿ ಏನಿದೆಯೋ ಅದೇ ಊಸರವಳ್ಳಿಗೆ ಸಿಗುವ ಸತ್ವ. ಕೊಡುವ ಮೊದಲು ಕನಿಷ್ಠ ಒಂದು ದಿನ ಹುಳುಗಳಿಗೆ ಸೊಪ್ಪು, ಕ್ಯಾರೆಟ್, ಸಿಹಿಗೆಣಸು, ಕುಂಬಳಕಾಯಿ, ನುಗ್ಗೆಸೊಪ್ಪು ಹಾಕಿ. ಅಂಗಡಿಯಿಂದ ತಂದ ಕೂಡಲೇ ಹಾಕಿದ ಖಾಲಿಹೊಟ್ಟೆಯ ಚಿಮ್ಮಂಡೆ ಬರೀ ಸಿಪ್ಪೆ.

ಮೂರ್ನಾಲ್ಕು ತಿಂಗಳವರೆಗಿನ ಮರಿಗೆ ದಿನಕ್ಕೆರಡು ಬಾರಿ, ತಿಂದಷ್ಟು. ಆಮೇಲೆ ದಿನಕ್ಕೊಮ್ಮೆ. ಒಂಬತ್ತು ತಿಂಗಳು ದಾಟಿದ ಮೇಲೆ ದಿನ ಬಿಟ್ಟು ದಿನ ನಾಲ್ಕೈದು ಹುಳು ಸಾಕು. ಅದು ಬೇಡುವ ಕಣ್ಣಿನಿಂದ ನೋಡುತ್ತದೆ, ಕರಗಬೇಡಿ. ಬೊಜ್ಜು ಬಂದ ಊಸರವಳ್ಳಿಯ ಆಯುಸ್ಸು ಕಡಿಮೆ.

ಹುಳುವನ್ನು ಗೂಡಿನೊಳಗೆ ಸುಮ್ಮನೆ ಬಿಡುವ ಬದಲು ಒಳಮೈ ನುಣುಪಾದ, ಹುಳು ಹತ್ತಲಾಗದ ಡಬ್ಬಿಯನ್ನು ಕೊಂಬೆಯ ಪಕ್ಕ ತೂಗುಹಾಕಿ ಅದರಲ್ಲಿ ಹಾಕಿ. ಎಷ್ಟು ತಿಂದಿತೆಂದು ಲೆಕ್ಕ ಸಿಗುತ್ತದೆ. ಉಳಿದ ಚಿಮ್ಮಂಡೆ ರಾತ್ರಿ ಮಲಗಿದ ಊಸರವಳ್ಳಿಯನ್ನೇ ಕಚ್ಚುವುದೂ ತಪ್ಪುತ್ತದೆ. ಡಬ್ಬಿಯಿಂದ ನಾಲಿಗೆಗೆ ಒಂದು ಗೇಣು ದೂರವಿದ್ದರೆ ಆಟ ನೋಡಲು ಚೆನ್ನ. ನಾಲಿಗೆಯ ತುದಿಯ ಅಂಟು ನಮ್ಮ ಜೊಲ್ಲಿಗಿಂತ ಸುಮಾರು 400 ಪಟ್ಟು ಮಂದ ಎಂದು 2016ರಲ್ಲಿ ಅಳೆದು ನೋಡಿದ್ದಾರೆ. ಅಂಟಿದ ಹುಳು ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಹಂತ 6: ಪುಡಿ

ಚಿಕ್ಕ ವಿಷಯ, ಆದರೆ ತಪ್ಪಿದರೆ ಎರಡೂ ಕಡೆ ಅಪಾಯ. ಬಹುತೇಕ ಹುಳುಗಳಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚು. ಅದನ್ನು ಸರಿದೂಗಿಸಲು ಪ್ರತಿ ಊಟದಲ್ಲೂ ಡಿ3 ಇಲ್ಲದ ಶುದ್ಧ ಕ್ಯಾಲ್ಸಿಯಂ ಪುಡಿಯನ್ನು ಹುಳುಗಳ ಮೇಲೆ ತೆಳುವಾಗಿ ಉದುರಿಸಿ ಅಲುಗಾಡಿಸಿ. ಡಿ3 ಮತ್ತು ವಿಟಮಿನ್ ಎ ಇರುವ ಮಲ್ಟಿವಿಟಮಿನ್ ಪುಡಿ ತಿಂಗಳಿಗೆ ಎರಡೇ ಸಲ. ದಿನಾ ಹಾಕಿದರೆ ಬೇಗ ಬೆಳೆಯುತ್ತದೆ ಎಂದುಕೊಂಡವರ ಊಸರವಳ್ಳಿಗೆ ಕತ್ತಿನ ಸುತ್ತ ನೀರು ತುಂಬಿ ಚೀಲದಂತೆ ಊದಿಕೊಂಡದ್ದನ್ನು ನೋಡಿದ್ದೇನೆ.

ಹಂತ 7: ಮನೆಗೆ ಬಂದ ಮೊದಲ ಎರಡು ವಾರ

ಗೂಡು, ದೀಪ, ನೀರು ಎಲ್ಲ ಒಂದು ವಾರ ಸರಿಯಾಗಿ ನಡೆದದ್ದು ಖಚಿತವಾದ ಮೇಲೆ ಪ್ರಾಣಿಯನ್ನು ತನ್ನಿ. ಬೆಳಿಗ್ಗೆ ಹೊತ್ತಿಗೆ ಮನೆ ತಲುಪಿದರೆ ಒಳ್ಳೆಯದು, ಕತ್ತಲಾಗುವ ಮೊದಲು ನೀರು ಕುಡಿದು ಜಾಗ ನೋಡಿಕೊಳ್ಳುತ್ತದೆ. ಡಬ್ಬಿಯ ಬಾಯಿ ತೆರೆದು ಗೂಡಿನೊಳಗೆ ಕೊಂಬೆಗೆ ತಾಗಿಸಿಡಿ, ತಾನೇ ಹತ್ತಲಿ. ಆಮೇಲೆ ನೀವು ಹೊರಗೆ. ಬಂಧುಗಳನ್ನು ಕರೆದು ತೋರಿಸುವುದು, ಫೋಟೋ ತೆಗೆಯುವುದು ಎಲ್ಲ ಮುಂದಿನ ತಿಂಗಳಿಗೆ. ಒಂದೆರಡು ದಿನ ತಿನ್ನದಿದ್ದರೆ ಸಹಜ. ಮೊದಲ ವಾರದಲ್ಲೇ ತಾಜಾ ಹಿಕ್ಕೆಯನ್ನು ವೈದ್ಯರಿಗೆ ತಲುಪಿಸಿ ಪರೋಪಜೀವಿಗಳ ಪರೀಕ್ಷೆ ಮಾಡಿಸಿ.

ಎತ್ತಲೇಬೇಕಾಗಿ ಬಂದರೆ ಮೇಲಿನಿಂದ ಹಿಡಿಯಬೇಡಿ. ಅಂಗೈಯನ್ನು ಎದೆಯ ಕೆಳಗೆ, ಮುಂದಕ್ಕೆ ಕೊಂಬೆಯ ಹಾಗೆ ಚಾಚಿ, ಬಾಲದ ಬುಡವನ್ನು ಹಿಂದಿನಿಂದ ಮೆಲ್ಲಗೆ ಸವರಿ. ಹೆಜ್ಜೆಯಿಟ್ಟು ಕೈಗೆ ಬರುತ್ತದೆ. ಎಳೆದರೆ ಕೊಂಬೆ ಬಿಡುವುದಿಲ್ಲ, ಕಾಲು ಮುರಿಯುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸರೀಸೃಪಗಳಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಹರಡಬಹುದು.

ಹಂತ 8: ಹೆಣ್ಣಿದ್ದರೆ

ಗಂಡಿನ ಮುಖ ನೋಡದ ವೇಲ್ಡ್ ಹೆಣ್ಣೂ ಮೊಟ್ಟೆಯಿಡುತ್ತದೆ, ಆರು ತಿಂಗಳ ವಯಸ್ಸಿಗೇ ಶುರುವಾಗಬಹುದು. ಹೊಟ್ಟೆತುಂಬ ತಿನ್ನಿಸಿ, ಬಿಸಿಯಾಗಿ ಇಟ್ಟ ಹೆಣ್ಣು ಒಂದೇ ಸಲಕ್ಕೆ 50–60 ಮೊಟ್ಟೆ ಕಟ್ಟಿಕೊಂಡು ಸುಸ್ತಾಗಿ ಸಾಯುವುದುಂಟು. ಹಾಗಾಗಿ ಬೆಳೆದ ಹೆಣ್ಣಿಗೆ ವಾರಕ್ಕೆ ಮೂರೇ ದಿನ ಊಟ, ಪ್ರತಿಸಲ ಮೂರ್ನಾಲ್ಕು ಹುಳು. ಬಿಸಿಲು ಕಾಯುವ ಕೊಂಬೆ 27 ಡಿಗ್ರಿ ದಾಟದಿರಲಿ. ಮೊಟ್ಟೆಯ ಸಂಖ್ಯೆ ಇಳಿಯುತ್ತದೆ.

ಆರು ತಿಂಗಳಾಗುತ್ತಿದ್ದಂತೆ ಗೂಡಿನ ತಳದಲ್ಲಿ ಸುಮಾರು 30 ಸೆಂ.ಮೀ. ಆಳದ ಡಬ್ಬಿಯಿಟ್ಟು, ಮರಳು ಮತ್ತು ಮಣ್ಣನ್ನು ಬೆರೆಸಿ ತುಂಬಿ. ಬೆರಳಿನಿಂದ ಸುರಂಗ ತೋಡಿದರೆ ಕುಸಿಯದಷ್ಟು ಒದ್ದೆ ಇರಬೇಕು. ಯಾವಾಗಲೂ ಮೇಲಿರುವ ಪ್ರಾಣಿ ಕೆಳಗಿಳಿದು ನೆಲ ಕೆರೆಯತೊಡಗಿದರೆ ಹೊತ್ತು ಬಂತೆಂದು ತಿಳಿಯಿರಿ. ಗೂಡಿಗೆ ಬಟ್ಟೆ ಮುಚ್ಚಿ, ಕೋಣೆಯಿಂದ ಹೊರಗೆ ನಡೆಯಿರಿ. ಅಗೆಯುವಾಗ ಯಾರಾದರೂ ನೋಡಿದರೆ ಅರ್ಧಕ್ಕೇ ಬಿಟ್ಟು, ಮೊಟ್ಟೆಯನ್ನು ಒಳಗೇ ತಡೆದಿಟ್ಟುಕೊಳ್ಳುತ್ತದೆ. ದಿನವೆರಡು ಕಳೆದರೂ ಮೊಟ್ಟೆಯಿಡದೆ, ಕಣ್ಣು ಮುಚ್ಚಿ ಮಂಕಾಗಿ ಕೂತರೆ ತಕ್ಷಣ ವೈದ್ಯರ ಬಳಿಗೆ.

ಹಂತ 9: ದಿನಾ ಐದು ನಿಮಿಷ ನೋಡುವುದು

ಊಸರವಳ್ಳಿ ಕಾಯಿಲೆಯನ್ನು ಬಚ್ಚಿಡುತ್ತದೆ. ಕಾಡಿನಲ್ಲಿ ಬಲಹೀನ ಕಂಡದ್ದು ಬೇರೆ ಪ್ರಾಣಿಯ ಊಟ. ನಮಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹಾಗಾಗಿ ಸಣ್ಣ ಸುಳಿವುಗಳನ್ನು ಓದಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣು. ಹಗಲು ಹೊತ್ತಿನಲ್ಲಿ ಆರೋಗ್ಯವಂತ ಊಸರವಳ್ಳಿ ಕಣ್ಣು ಮುಚ್ಚುವುದೇ ಇಲ್ಲ, ಕಣ್ಣು ಉಬ್ಬಿಸಿ ಉಜ್ಜಿಕೊಳ್ಳುವ ಕ್ಷಣ ಬಿಟ್ಟು. ಹಗಲಲ್ಲಿ ತೂಕಡಿಸುತ್ತಿದ್ದರೆ "ಪಾಪ, ನಿದ್ದೆ ಬಂದಿದೆ" ಅನ್ನಬೇಡಿ, ವೈದ್ಯರಿಗೆ ಫೋನ್ ಮಾಡಿ. ಕಾಲುಗಳು ಬಿಲ್ಲಿನಂತೆ ಬಾಗಿದರೆ, ದವಡೆ ಮೆತ್ತಗಾದರೆ, ನಡೆಯುವಾಗ ನಡುಗಿದರೆ, ನಾಲಿಗೆ ಗುರಿ ತಪ್ಪಿದರೆ ಮೂಳೆಯಲ್ಲಿ ಕ್ಯಾಲ್ಸಿಯಂ ಕರಗುತ್ತಿದೆ. ಬಾಗಿದ ಮೂಳೆ ಮತ್ತೆ ನೇರವಾಗದು, ಬೇಗ ಹಿಡಿದರೆ ಅಷ್ಟಕ್ಕೇ ನಿಲ್ಲಿಸಬಹುದು. ಬಿಸಿ ಹೆಚ್ಚಾಗದೆ ಇದ್ದಾಗಲೂ ಬಾಯಿ ತೆರೆದು ಉಸಿರೆಳೆದರೆ ಶ್ವಾಸಕೋಶದ ತೊಂದರೆ. ರಾತ್ರಿ ಮೇಲಿನ ಕೊಂಬೆ ಬಿಟ್ಟು ನೆಲದಲ್ಲಿ ಮಲಗಿದರೆ ಹಿಡಿದುಕೊಳ್ಳುವ ಶಕ್ತಿಯೇ ಹೋಗಿದೆ. ಪೊರೆ ಬಿಡುವಾಗ ಮಾತ್ರ ಚಿಂತೆ ಬೇಡ, ಬಿಳಿ ಚೂರುಗಳಾಗಿ ತಾನೇ ಉದುರುತ್ತದೆ, ಕೀಳಬೇಡಿ. ತೇವ ಸಾಕಷ್ಟಿದ್ದರೆ ಒಂದೆರಡು ದಿನದ ಕೆಲಸ.

ವಾರಕ್ಕೊಮ್ಮೆ ಅಡುಗೆಮನೆಯ ಗ್ರಾಂ ತಕ್ಕಡಿಯ ಮೇಲೆ ಕೊಂಬೆಯೊಂದನ್ನಿಟ್ಟು ತೂಕ ನೋಡಿ ಬರೆದಿಡಿ. ಎಷ್ಟು ತಿಂದಿತು, ಹಿಕ್ಕೆಯ ಬಣ್ಣ ಹೇಗಿತ್ತು, ದೀಪ ಬದಲಿಸಿದ್ದು ಯಾವಾಗ, ಎಲ್ಲವೂ ಅದೇ ಪುಸ್ತಕದಲ್ಲಿ ಇರಲಿ. ವೈದ್ಯರ ಬಳಿ ಹೋಗುವ ದಿನ ಈ ಪುಸ್ತಕ, ಒಂದು ತಾಜಾ ಹಿಕ್ಕೆ, ಗೂಡಿನ ಮತ್ತು ದೀಪದ ಫೋಟೋ ಜೊತೆಗಿರಲಿ. ಪ್ರಾಣಿಯನ್ನು ಗಾಳಿಯಾಡುವ ಸಣ್ಣ ಪೆಟ್ಟಿಗೆಯಲ್ಲಿ, ಹಿಡಿದುಕೊಳ್ಳಲು ಅಲುಗಾಡದಂತೆ ಬಿಗಿದ ಒಂದು ಕೊಂಬೆಯೊಂದಿಗೆ ಇಟ್ಟು, ಮೇಲೊಂದು ಬಟ್ಟೆ ಮುಚ್ಚಿ ಒಯ್ಯಿರಿ. ಕತ್ತಲಲ್ಲಿ ಅದು ರಾತ್ರಿಯಾಯಿತೆಂದು ಸುಮ್ಮನೆ ಕೂರುತ್ತದೆ.